ತೊಟ್ಟಿಯಲ್ಲಿ ಎಷ್ಟು ಮೀನು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಅಥವಾ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ವಿಜ್ಞಾನ ಕೊಠಡಿಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯಿದೆ. ಜೂನ್ ತಿಂಗಳಲ್ಲಿ ಅದರಲ್ಲಿ ಹತ್ತು ಹನ್ನೆರಡು ಮೀನುಗಳಿದ್ದವು. ಆಮೇಲೆ ಒಬ್ಬ ವಿದ್ಯಾರ್ಥಿ ನಾಲ್ಕು ಗಪ್ಪಿ ತಂದುಕೊಟ್ಟ. ಅವು ಮರಿ ಹಾಕಿದವು. ಮೈಸೂರಿಗೆ ಹೋಗಿದ್ದ ಶಿಕ್ಷಕರು ಅಂದವಾಗಿವೆಯೆಂದು ಎರಡು ಜೋಡಿ ಚಿನ್ನದ ಮೀನು ತಂದರು. ದಸರಾ ರಜೆಯ ಹೊತ್ತಿಗೆ ತೊಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಮೀನುಗಳು. ರಜೆಗೆ ಮುನ್ನ ವಾಡಿಕೆಯಂತೆ ಶಾಲೆಯ ಮುಖ್ಯ ಸ್ವಿಚ್ ಆರಿಸಿದರು. ರಜೆ ಮುಗಿದು ಬಾಗಿಲು ತೆರೆದಾಗ ನೀರು ಮಬ್ಬಾಗಿ ನಾರುತ್ತಿತ್ತು. ಮೀನುಗಳೆಲ್ಲ ಸತ್ತು ತೇಲುತ್ತಿದ್ದವು.

'ಕರೆಂಟ್ ಇರಲಿಲ್ಲ, ಪಂಪ್ ನಿಂತುಹೋಯಿತು' ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ. ಆದರೆ ಇದೇ ತೊಟ್ಟಿಯಲ್ಲಿ ಹನ್ನೆರಡೇ ಮೀನುಗಳಿದ್ದಿದ್ದರೆ ಪಂಪ್ ನಿಂತರೂ ಅವು ಬದುಕಿ ಉಳಿಯುವ ಸಾಧ್ಯತೆ ಬಹಳವಾಗಿತ್ತು. ಮೀನುಗಳು ಮಿತಿ ಮೀರಿದ್ದನ್ನು ಪಂಪ್ ಅಷ್ಟು ದಿನ ಮರೆಮಾಚಿತ್ತು, ಅಷ್ಟೆ.

ಹಾಗಾದರೆ ಒಂದು ತೊಟ್ಟಿಯಲ್ಲಿ ಎಷ್ಟು ಮೀನುಗಳಿರಬಹುದು? ಇದನ್ನು ಕಣ್ಣಂದಾಜಿನಿಂದ ಹೇಳಲಾಗದು. ಪ್ರೌಢಶಾಲೆಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಸ್ವಲ್ಪ ಗಣಿತ ಗೊತ್ತಿದ್ದರೆ ನೀವೇ ಲೆಕ್ಕ ಹಾಕಬಹುದು.

ನೀರಿನಲ್ಲಿ ಆಕ್ಸಿಜನ್ ಎಷ್ಟಿದೆ?

ನಾವು ಉಸಿರಾಡುವ ಗಾಳಿಯಲ್ಲಿ ಗಾತ್ರದ ಲೆಕ್ಕದಲ್ಲಿ ಶೇಕಡ 21 ಭಾಗ ಆಕ್ಸಿಜನ್ ಇದೆ. ಒಂದು ಲೀಟರ್ ಗಾಳಿಯಲ್ಲಿ ಅದರ ತೂಕ ಸುಮಾರು 250 ಮಿಲಿಗ್ರಾಂ. ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಕ್ಸಿಜನ್ ಹೆಚ್ಚೆಂದರೆ 7ರಿಂದ 9 ಮಿಲಿಗ್ರಾಂ ಮಾತ್ರ. ಎಂದರೆ ನಮಗೆ ಸಿಗುವುದರಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನಲ್ಲಿ ಮೀನು ಬದುಕಬೇಕು.

ಈ ಪಾಲು ಎರಡು ಕಾರಣಗಳಿಂದ ಇನ್ನೂ ಕಡಿಮೆಯಾಗುತ್ತದೆ. ಒಂದು, ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಕ್ಸಿಜನ್ ಇಳಿಯುತ್ತದೆ. ಎರಡು, ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗುತ್ತದೆ. ಈ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಎತ್ತರದಲ್ಲಿವೆ. ಪುಸ್ತಕಗಳಲ್ಲಿರುವ ಕೋಷ್ಟಕಗಳು ಸಮುದ್ರಮಟ್ಟಕ್ಕೆ ಸಂಬಂಧಿಸಿದವು. ನಮ್ಮಲ್ಲಿ ಅದಕ್ಕಿಂತ ಶೇಕಡ 8ರಿಂದ 9ರಷ್ಟು ಕಳೆಯಬೇಕು. ಹೀಗೆ ಕಳೆದರೆ ಒಂದು ಲೀಟರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8.3, 25 ಡಿಗ್ರಿಯಲ್ಲಿ 7.5, 30 ಡಿಗ್ರಿಯಲ್ಲಿ 6.9 ಮಿಲಿಗ್ರಾಂ ಆಕ್ಸಿಜನ್ ಕರಗಿರಬಲ್ಲದು.

ಮೀನು ಶೀತರಕ್ತ ಪ್ರಾಣಿ. ನೀರು ಬಿಸಿಯಾದಂತೆ ಅದರ ದೇಹದ ಕ್ರಿಯೆಗಳು ಚುರುಕಾಗಿ ಆಕ್ಸಿಜನ್‌ನ ಬೇಡಿಕೆ ಏರುತ್ತದೆ. ಹೀಗೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಆದಾಯ ಇಳಿದು ಖರ್ಚು ಏರುತ್ತದೆ. ಜನವರಿಯಲ್ಲಿ ನೆಮ್ಮದಿಯಾಗಿದ್ದ ತೊಟ್ಟಿಯಲ್ಲಿ ಏಪ್ರಿಲ್‌ನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡಲು ಇದೇ ಕಾರಣ.

ಈಗ ನಮ್ಮ ಶಾಲೆಯ ತೊಟ್ಟಿಯ ಲೆಕ್ಕ ನೋಡೋಣ. ಅದರ ಅಳತೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಒಟ್ಟು ಗಾತ್ರ 54 ಲೀಟರ್. ಮೇಲೆ ಬಿಡುವ ಖಾಲಿ ಜಾಗ, ತಳದ ಜಲ್ಲಿ ಇವನ್ನು ಕಳೆದರೆ ನೀರು ಸುಮಾರು 45 ಲೀಟರ್. ಲೀಟರಿಗೆ 7 ಮಿ.ಗ್ರಾಂ.ನಂತೆ 315 ಮಿ.ಗ್ರಾಂ. ಆಕ್ಸಿಜನ್ ಇರುತ್ತದೆ. ಅದು ಲೀಟರಿಗೆ 3 ಮಿ.ಗ್ರಾಂ.ಗೆ ಇಳಿದರೆ ಬಹುತೇಕ ಮೀನುಗಳಿಗೆ ಕಷ್ಟ. ಆದ್ದರಿಂದ ಬಳಕೆಗೆ ಸಿಗುವುದು 45 × 4 = 180 ಮಿ.ಗ್ರಾಂ.

ಸಣ್ಣ ಮೀನೊಂದು ತನ್ನ ತೂಕದ ಪ್ರತಿ ಗ್ರಾಂಗೆ ಗಂಟೆಗೆ ಸುಮಾರು 0.3 ಮಿ.ಗ್ರಾಂ. ಆಕ್ಸಿಜನ್ ಬಳಸುತ್ತದೆ ಎಂದಿಟ್ಟುಕೊಳ್ಳಿ. ತಲಾ 2 ಗ್ರಾಂ ತೂಗುವ 14 ಮೀನುಗಳಿದ್ದರೆ ಗಂಟೆಗೆ ಖರ್ಚು 8.4 ಮಿ.ಗ್ರಾಂ. ದಾಸ್ತಾನು 21 ಗಂಟೆ ಬರುತ್ತದೆ. ಅಷ್ಟು ಹೊತ್ತಿನಲ್ಲಿ ನೀರಿನ ಮೇಲ್ಮೈಯ ಮೂಲಕ ಗಾಳಿಯಿಂದ ಹೊಸ ಆಕ್ಸಿಜನ್ ಒಳಸೇರಿ ಖರ್ಚನ್ನು ತುಂಬಿಕೊಡುತ್ತಿರುತ್ತದೆ. ಅದೇ ತೊಟ್ಟಿಯಲ್ಲಿ 56 ಮೀನುಗಳಿದ್ದರೆ ಗಂಟೆಗೆ 33.6 ಮಿ.ಗ್ರಾಂ. ಖರ್ಚು. ದಾಸ್ತಾನು ಐದೂವರೆ ಗಂಟೆಯೊಳಗೆ ಮುಗಿಯುತ್ತದೆ. ರಾತ್ರಿ ಹನ್ನೊಂದಕ್ಕೆ ವಿದ್ಯುತ್ ಹೋದರೆ ಬೆಳಗಾಗುವ ಮೊದಲೇ ಮೀನುಗಳು ಉಸಿರು ಕಟ್ಟುತ್ತವೆ. ಇದು ಸ್ಥೂಲ ಲೆಕ್ಕ. ರಾತ್ರಿ ಜಲಸಸ್ಯಗಳೂ ಬ್ಯಾಕ್ಟೀರಿಯಗಳೂ ಇದೇ ದಾಸ್ತಾನಿಗೆ ಕೈ ಹಾಕುತ್ತವೆ ಎಂಬುದನ್ನು ನಾವಿಲ್ಲಿ ಸೇರಿಸಿಲ್ಲ.

ಆಳ ಮುಖ್ಯವಲ್ಲ, ಅಗಲ ಮುಖ್ಯ

ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ನೊರೆಯಾಗಿ ಧುಮುಕುವುದನ್ನು ನೀವು ನೋಡಿರಬಹುದು. ಅಲ್ಲಿ ನೀರು ಹನಿ ಹನಿಯಾಗಿ ಒಡೆದು ಗಾಳಿಯೊಡನೆ ಬೆರೆಯುತ್ತದೆ. ನೀರು ಮತ್ತು ಗಾಳಿ ಮುಟ್ಟುವ ಮೇಲ್ಮೈ ಹೆಚ್ಚಾದಂತೆ ಆಕ್ಸಿಜನ್ ಬೇಗ ಕರಗುತ್ತದೆ. ತೊಟ್ಟಿಯ ಪಂಪ್ ಮಾಡುವುದೂ ಇದನ್ನೇ. ಗುಳ್ಳೆಗಳು ತಳದ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕದಡುತ್ತವೆ. ಆಕ್ಸಿಜನ್‌ನ ಹೆಚ್ಚಿನ ಭಾಗ ಕರಗುವುದು ಗುಳ್ಳೆಯೊಳಗಿಂದಲ್ಲ, ಕದಡಿದ ಈ ಮೇಲ್ಮೈಯಿಂದ.

ಪಂಪ್ ನಿಂತಾಗ ಉಳಿಯುವ ದಾರಿ ನಿಶ್ಚಲ ಮೇಲ್ಮೈ ಒಂದೇ. ಆದ್ದರಿಂದ ತೊಟ್ಟಿಯ ಸಾಮರ್ಥ್ಯವನ್ನು ಅಳೆಯುವಾಗ ಲೀಟರ್ ಲೆಕ್ಕಕ್ಕಿಂತ ಮೇಲ್ಮೈ ವಿಸ್ತೀರ್ಣದ ಲೆಕ್ಕ ಹೆಚ್ಚು ಭದ್ರ. ನಮ್ಮ ತೊಟ್ಟಿಯ ಮೇಲ್ಮೈ 60 × 30 = 1,800 ಚದರ ಸೆಂ.ಮೀ. ಇದೇ ತೊಟ್ಟಿಯನ್ನು ನೆಟ್ಟಗೆ ನಿಲ್ಲಿಸಿದಂತೆ ಕಟ್ಟಿಸಿದರೆ ಗಾತ್ರ ಅಷ್ಟೇ ಇರುತ್ತದೆ, ಮೇಲ್ಮೈ ಅರ್ಧಕ್ಕಿಳಿದು 900 ಚದರ ಸೆಂ.ಮೀ. ಆಗುತ್ತದೆ.

ಗಾಜಿನ ಗುಂಡು ಬಟ್ಟಲಿನ ಕಥೆ ಇನ್ನೂ ಸ್ವಾರಸ್ಯ. 12 ಸೆಂ.ಮೀ. ತ್ರಿಜ್ಯದ ಬಟ್ಟಲನ್ನು ಅರ್ಧದವರೆಗೆ ತುಂಬಿದರೆ 3.6 ಲೀಟರ್ ನೀರು, 452 ಚದರ ಸೆಂ.ಮೀ. ಮೇಲ್ಮೈ. ಮಧ್ಯದಿಂದ 10 ಸೆಂ.ಮೀ. ಮೇಲಿನವರೆಗೆ ತುಂಬಿದರೆ ನೀರು ಸುಮಾರು 7.1 ಲೀಟರ್ ಆಗುತ್ತದೆ, ಮೇಲ್ಮೈ ಮಾತ್ರ 138 ಚದರ ಸೆಂ.ಮೀ.ಗೆ ಕುಗ್ಗುತ್ತದೆ. ಮೀನಿಗೆ ಹೆಚ್ಚು ನೀರು ಕೊಟ್ಟೆವೆಂದು ನಾವು ಸಂತೋಷಪಡುತ್ತೇವೆ. ಅದರ ಉಸಿರಾಟದ ಕಿಟಕಿಯನ್ನು ಮೂರನೆಯ ಒಂದು ಭಾಗಕ್ಕಿಂತ ಚಿಕ್ಕದು ಮಾಡಿರುತ್ತೇವೆ! ನಿಮ್ಮ ವಿದ್ಯಾರ್ಥಿಗಳು ಗೋಳದ ಛೇದದ ಸೂತ್ರದಿಂದ ಈ ಅಂಕಿಗಳನ್ನು ತಾಳೆ ನೋಡಲಿ.

ಕಣ್ಣಿಗೆ ಕಾಣದ ಕೊಳೆ

ಆಕ್ಸಿಜನ್ ಸಮಸ್ಯೆಯ ಅರ್ಧ ಭಾಗ. ಇನ್ನರ್ಧ ಅಮೋನಿಯ. ಮೀನುಗಳು ಸಾರಜನಕದ ತ್ಯಾಜ್ಯವನ್ನು ಮುಖ್ಯವಾಗಿ ಅಮೋನಿಯ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತವೆ. ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಮೀನು ಅದೇ ನೀರನ್ನು ಮತ್ತೆ ಕಿವಿರಿಗೆ ಎಳೆದುಕೊಳ್ಳಬೇಕು.

ಎಷ್ಟು ಅಮೋನಿಯ ಉಂಟಾಗುತ್ತದೆ ಎಂಬುದನ್ನು ಮೇವಿನಿಂದ ಅಂದಾಜು ಮಾಡಬಹುದು. ಒಂದು ಗ್ರಾಂ ಮೇವಿನಲ್ಲಿ ಶೇಕಡ 40 ಪ್ರೋಟೀನ್ ಇದ್ದರೆ ಅದು 400 ಮಿ.ಗ್ರಾಂ. ಪ್ರೋಟೀನಿನಲ್ಲಿ ಶೇಕಡ 16 ಸಾರಜನಕ, ಎಂದರೆ 64 ಮಿ.ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 35 ಮಿ.ಗ್ರಾಂ., ಅಮೋನಿಯವಾಗಿ ನೀರಿಗೆ ಬರುತ್ತದೆ. ದಿನಕ್ಕೆ ದೇಹತೂಕದ ಶೇಕಡ 2ರಷ್ಟು ಮೇವು ಹಾಕಿದರೆ 14 ಮೀನುಗಳ ತೊಟ್ಟಿಯಲ್ಲಿ ಅಮೋನಿಯ ಸಾರಜನಕ ಲೀಟರಿಗೆ ದಿನಕ್ಕೆ ಸುಮಾರು 0.4 ಮಿ.ಗ್ರಾಂ. ಏರುತ್ತದೆ, 56 ಮೀನುಗಳ ತೊಟ್ಟಿಯಲ್ಲಿ 1.7 ಮಿ.ಗ್ರಾಂ. ಏರುತ್ತದೆ. ತಿನ್ನದೆ ಉಳಿದ ಮೇವು ಕೊಳೆತರೆ ಅದೂ ಸೇರುತ್ತದೆ.

ಇದನ್ನು ದಿನದಿನವೂ ತೆಗೆಯುವವು ಜಲ್ಲಿಯ ಮೇಲೆ, ಶೋಧಕದ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ನೀರು ಬದಲಿಸಿ ಹೊರಹಾಕಬಹುದು. ಎರಡನೆಯ ಕೆಲಸಕ್ಕೆ ಪಠ್ಯಪುಸ್ತಕಗಳು ನೈಟ್ರೊಬ್ಯಾಕ್ಟರ್ ಹೆಸರು ಹೇಳುತ್ತವೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವವು ನೈಟ್ರೊಸ್ಪೈರ ಗುಂಪಿನವು ಎಂದು 1998ರಲ್ಲಿ ತಿಳಿದುಬಂತು. ಎರಡೂ ಹಂತಗಳನ್ನು ಒಂದೇ ಮಾಡಬಲ್ಲ ನೈಟ್ರೊಸ್ಪೈರಗಳಿವೆ ಎಂಬುದು 2015ರಲ್ಲಿ ಗೊತ್ತಾಯಿತು.

ಈ ಬ್ಯಾಕ್ಟೀರಿಯಗಳು ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಒಂದೇ ದಿನ ಹತ್ತು ಮೀನು ಸೇರಿಸಿದರೆ ಕೊಳೆ ಅಂದೇ ಹೆಚ್ಚುತ್ತದೆ, ಅದನ್ನು ತೆಗೆಯುವ ಕೈಗಳು ವಾರಗಳ ನಂತರ ಬರುತ್ತವೆ. ಇನ್ನೊಂದು ಮಾತು: ಈ ಬ್ಯಾಕ್ಟೀರಿಯಗಳಿಗೂ ಆಕ್ಸಿಜನ್ ಬೇಕು. ಪಂಪ್ ನಿಂತರೆ ಅವೂ ಕೆಲಸ ನಿಲ್ಲಿಸುತ್ತವೆ. ಆಗ ಮೀನಿಗೆ ಬೀಳುವುದು ಎರಡು ಪೆಟ್ಟು.

ನೀರಿನ ಪಿಎಚ್ ಕೂಡ ಇಲ್ಲಿ ಮುಖ್ಯ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನು ಅಷ್ಟು ಅಪಾಯವಿಲ್ಲ, ಅಯಾನೀಕರಣಗೊಳ್ಳದ ಅಮೋನಿಯ ಕಡುವಿಷ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇಕಡ 0.6ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇಕಡ 5ಕ್ಕೂ ಹೆಚ್ಚು, ಹೆಚ್ಚುಕಡಿಮೆ ಹತ್ತು ಪಟ್ಟು. ಮಳೆನೀರಿನ ತೊಟ್ಟಿಯಲ್ಲಿ ತಡೆದುಕೊಂಡ ಮೀನುಗಳು ಪ್ರತ್ಯಾಮ್ಲೀಯ ಕೊಳವೆಬಾವಿ ನೀರಿನಲ್ಲಿ ಅಷ್ಟೇ ಕೊಳೆಗೆ ಸಾಯಬಹುದು. ಆದ್ದರಿಂದ ಕೊಳವೆಬಾವಿಯ ನೀರು ಬಳಸುವ ಶಾಲೆಗಳು ಮೀನಿನ ಸಂಖ್ಯೆಯಲ್ಲಿ ಇನ್ನಷ್ಟು ಹಿಡಿತ ಮಾಡಬೇಕು.

ಬೆಳೆದ ಮೀನನ್ನು ಅಳೆಯಿರಿ

ಅಂಗಡಿಯಲ್ಲಿ ಸಿಗುವುದು ಬಹುಪಾಲು ಮರಿಗಳು. ತೊಟ್ಟಿ ತುಂಬುವುದು ಅಂಗಡಿಯಲ್ಲಲ್ಲ, ಆರು ತಿಂಗಳ ನಂತರ. 5 ಸೆಂ.ಮೀ. ಇದ್ದ ಚಿನ್ನದ ಮೀನು 15 ಸೆಂ.ಮೀ. ಆದಾಗ ಉದ್ದ ಮೂರು ಪಟ್ಟಾಗುತ್ತದೆ. ತೂಕವೋ? ಉದ್ದದ ಘನಕ್ಕೆ ಅನುಗುಣವಾಗಿ 27 ಪಟ್ಟು! 'ತೊಟ್ಟಿ ತೊಳೆಯುವ ಮೀನು' ಎಂದು ಮಾರುವ ಸಕ್ಕರ್ ಬೆರಳುದ್ದ ಇರುತ್ತದೆ. ಬೆಳೆದರೆ 40 ಸೆಂ.ಮೀ. ದಾಟಬಲ್ಲದು. 'ಶಾರ್ಕ್' ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ನಿಜವಾಗಿ ಶಾರ್ಕ್ ಅಲ್ಲ, ಒಂದು ಬೆಕ್ಕುಮೀನು. ದೊಡ್ಡ ನೀರಿನಲ್ಲಿ ಅದು ಮೀಟರ್ ಉದ್ದ ಮೀರುತ್ತದೆ. ಇವೆರಡೂ ಶಾಲೆಯ ತೊಟ್ಟಿಗೆ ತಕ್ಕವಲ್ಲ.

ಗಪ್ಪಿ, ಮೊಲ್ಲಿ, ಪ್ಲಾಟಿಗಳು ಚಿಕ್ಕವೇ ಹೌದು. ಆದರೆ ಅವು ನೇರವಾಗಿ ಮರಿ ಹಾಕುತ್ತವೆ, ಸುಮಾರು ತಿಂಗಳಿಗೊಮ್ಮೆ, ಒಮ್ಮೆಗೆ ಇಪ್ಪತ್ತು ಮೂವತ್ತು. ಹೆಣ್ಣು ಒಮ್ಮೆ ಕೂಡಿದರೆ ವೀರ್ಯಾಣುಗಳನ್ನು ಶೇಖರಿಸಿಟ್ಟುಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಗಂಡುಗಳನ್ನಷ್ಟೆ ಸಾಕಿದರೆ ಈ ತೊಂದರೆಯಿಲ್ಲ.

ಫೈಟರ್, ಗೌರಾಮಿ ಮೀನುಗಳಿಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ. ನಮ್ಮ ಕೆರೆಗಳ ಕೊರವ ಮೀನೂ ಹಾಗೆಯೇ. ಹಾಗೆಂದು ಫೈಟರನ್ನು ಲೋಟದಷ್ಟು ನೀರಿನಲ್ಲಿಡುವುದು ಸರಿಯಲ್ಲ. ಉಸಿರಿಗೆ ಗಾಳಿ ಸಿಗುತ್ತದೆ, ಅಮೋನಿಯದಿಂದ ಬಿಡುಗಡೆ ಸಿಗುವುದಿಲ್ಲ.

ಕೆರೆಯಿಂದ ಒಂದು ಪಾಠ

ನಿಮ್ಮ ಊರಿನ ಕೆರೆಗೆ ಮೀನುಮರಿ ಬಿತ್ತನೆ ಮಾಡುವುದನ್ನು ಕಂಡಿರಬಹುದು. ಮೇವು, ಗೊಬ್ಬರ ಹಾಕಿ ನೋಡಿಕೊಳ್ಳುವ ಕೊಳದಲ್ಲಿ ಹೆಕ್ಟೇರಿಗೆ 5,000ದಿಂದ 10,000 ಮರಿಗಳನ್ನು ಬಿಡುವುದು ಸಾಮಾನ್ಯ ಶಿಫಾರಸು. ಒಂದು ಹೆಕ್ಟೇರೆಂದರೆ 10,000 ಚದರ ಮೀಟರ್. ಎಂದರೆ ಒಂದು ಮರಿಗೆ ಒಂದರಿಂದ ಎರಡು ಚದರ ಮೀಟರ್ ಮೇಲ್ಮೈ. ಅವು ಕಿಲೋ ತೂಕಕ್ಕೆ ಬೆಳೆಯುವ ಮೀನುಗಳು, ನಿಜ. ಗಮನಿಸಬೇಕಾದದ್ದು ಏನೆಂದರೆ, ಮೀನು ಸಾಕಿ ಬದುಕುವವರು ಕೂಡ ಕೆರೆಯ ವಿಸ್ತೀರ್ಣ ನೋಡಿಯೇ ಮರಿ ಎಣಿಸುತ್ತಾರೆ.

ಅವರು ಪಾಲಿಸುವ ಇನ್ನೊಂದು ಕ್ರಮವೂ ಇದೆ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಮೂರನ್ನೂ ಸೇರಿಸಿ ಬಿಟ್ಟರೆ ಮೇವಿಗೆ ಪೈಪೋಟಿ ಕಡಿಮೆ. ಹಲವು ಜಾತಿಯ ಮೀನುಗಳನ್ನು ಕೂಡಿಸುವ ಅಕ್ವೇರಿಯಂನಲ್ಲೂ ಇದೇ ಉಪಾಯ ನಡೆಯುತ್ತದೆ. ಆದರೆ ಪದರ ಹಂಚಿಕೆಯಿಂದ ಜಗಳ, ನೂಕುನುಗ್ಗಲು ಕಡಿಮೆಯಾಗುತ್ತದೆಯೇ ಹೊರತು ಆಕ್ಸಿಜನ್ ಹೆಚ್ಚುವುದಿಲ್ಲ. ಬೇಸಗೆಯ ಮುಂಜಾನೆ ಕೆರೆಯ ಮೀನುಗಳು ಒಟ್ಟಾಗಿ ಮೇಲೆ ಬಂದು ಬಾಯಿ ಬಿಡುವುದುಂಟು. ಇಡೀ ರಾತ್ರಿ ಪಾಚಿಯೂ ಮೀನುಗಳೂ ಆಕ್ಸಿಜನ್ ಬಳಸಿ, ಬೆಳಗಿನ ಹೊತ್ತಿಗೆ ಅದು ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ನಿಮ್ಮ ತೊಟ್ಟಿಯನ್ನೂ ಪರೀಕ್ಷಿಸಬೇಕಾದ ಸಮಯ ಅದೇ, ಮಧ್ಯಾಹ್ನವಲ್ಲ.

ಲೆಕ್ಕ ಹಾಕುವ ಕ್ರಮ

ಮೀನು ಸಾಕುವವರಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ. ಉಷ್ಣವಲಯದ ಸಿಹಿನೀರಿನ ಸಣ್ಣ ಮೀನುಗಳಿಗೆ, ಬಾಲ ಬಿಟ್ಟು ದೇಹದ ಪ್ರತಿ ಸೆಂ.ಮೀ. ಉದ್ದಕ್ಕೆ ಸುಮಾರು 26 ಚದರ ಸೆಂ.ಮೀ. ಮೇಲ್ಮೈ ಬೇಕು. ಚಿನ್ನದ ಮೀನಿಗೆ ಇದರ ಮೂರು ಪಟ್ಟು, 78 ಚದರ ಸೆಂ.ಮೀ.

1. ಮೇಲ್ಮೈ ಕಂಡುಹಿಡಿಯಿರಿ: ನಮ್ಮ ತೊಟ್ಟಿಯದು 1,800 ಚದರ ಸೆಂ.ಮೀ.

2. ಸೂತ್ರದಿಂದ ಭಾಗಿಸಿ: 1,800 ÷ 26 = ಸುಮಾರು 69 ಸೆಂ.ಮೀ. ಇದು ಎಲ್ಲ ಮೀನುಗಳ ಒಟ್ಟು ಉದ್ದದ ಮಿತಿ. ಚಿನ್ನದ ಮೀನಾದರೆ 23 ಸೆಂ.ಮೀ. ಮಾತ್ರ. ಎಂದರೆ ಪೂರ್ತಿ ಬೆಳೆದ ಎರಡು ಮೀನುಗಳಿಗೂ ಈ ತೊಟ್ಟಿ ಸಾಲದು.

3. ಶಾಲೆಯೆಂದರೆ ರಜೆ, ವಿದ್ಯುತ್ ಕಡಿತ ಇದ್ದದ್ದೇ. ಮಿತಿಯ ಮುಕ್ಕಾಲು ಭಾಗ ಮಾತ್ರ ಬಳಸಿ: ಸುಮಾರು 50 ಸೆಂ.ಮೀ.

4. ಬೆಳೆದ ಉದ್ದದ ಲೆಕ್ಕದಲ್ಲಿ ಮೀನು ಆರಿಸಿ. ಉದಾಹರಣೆಗೆ ಮೇಲ್ಪದರಕ್ಕೆ 4 ಸೆಂ.ಮೀ.ನ ಆರು ಝೀಬ್ರಾ ದಾನಿಯೊ, ತಳಕ್ಕೆ 5 ಸೆಂ.ಮೀ.ನ ಐದು ಕೋರಿಡೋರಾಸ್. ಒಟ್ಟು 24 + 25 = 49 ಸೆಂ.ಮೀ.

5. ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಮೊದಲು ಮೂರು ನಾಲ್ಕು, ಕೆಲವು ವಾರಗಳ ನಂತರ ಇನ್ನಷ್ಟು.

ಈ ಸೂತ್ರ ಸಣ್ಣ ಮೀನುಗಳಿಗಷ್ಟೇ ಸರಿ. ಒಂದು ಸೆಂ.ಮೀ.ನ ಹತ್ತು ಮೀನುಗಳೂ ಹತ್ತು ಸೆಂ.ಮೀ.ನ ಒಂದು ಮೀನೂ ಉದ್ದದಲ್ಲಿ ಸಮ. ತೂಕದಲ್ಲಿ ಎರಡನೆಯದು ನೂರು ಪಟ್ಟು!

ನೀರು ಬದಲಿಸಿದರೆ ಸಾಕಲ್ಲ ಎನ್ನಬಹುದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ವಾರಕ್ಕೆ ಲೀಟರಿಗೆ 10 ಮಿ.ಗ್ರಾಂ. ನೈಟ್ರೇಟ್ ಸೇರುವ ತೊಟ್ಟಿಯಲ್ಲಿ ಕಾಲು ಭಾಗ ಬದಲಿಸುತ್ತ ಹೋದರೆ ಅದು ಕೊನೆಗೆ 40 ಮಿ.ಗ್ರಾಂ.ನಲ್ಲಿ ನಿಲ್ಲುತ್ತದೆ. ಮೀನುಗಳನ್ನು ಎರಡು ಪಟ್ಟು ಮಾಡಿದರೆ 80ರಲ್ಲಿ ನಿಲ್ಲುತ್ತದೆ. ಬೀಜಗಣಿತದಿಂದ ಇದನ್ನು ಸಾಧಿಸಿ ನೋಡಿ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಿ.

ಹೆಚ್ಚಾದ ಮೀನುಗಳನ್ನು ಏನು ಮಾಡುವುದು?

'ಪಾಪ, ಹೊಳೆಗೆ ಬಿಟ್ಟುಬಿಡೋಣ' ಎಂದು ಮಕ್ಕಳು ಹೇಳಬಹುದು. ಇದನ್ನು ಮಾತ್ರ ಮಾಡಬಾರದು. ಹುಣಸೂರಿನ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಯ ಕಬಿನಿ, ಪಿರಿಯಾಪಟ್ಟಣದ ಕೆರೆಗಳ ಕೋಡಿ, ಎಲ್ಲವೂ ಕೊನೆಗೆ ಸೇರುವುದು ಕಾವೇರಿಯನ್ನು. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನುಗಳು ಹೀಗೆ ಹೊರಬಿದ್ದು ಭಾರತದ ಹಲವು ನದಿ, ಕೆರೆಗಳಲ್ಲಿ ನೆಲೆಯೂರಿವೆ. ಕಾವೇರಿ ಕಣಿವೆಯ ಹೊರತು ಜಗತ್ತಿನ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಸೀರ್‌ನ ಕಥೆ ನೆನಪಿರಲಿ. ಟಾರ್ ರೆಮಾದೇವಿ ಎಂಬ ಅದರ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು. ಅದರ ಅವನತಿಗೆ ವಿಜ್ಞಾನಿಗಳು ತೋರಿಸುವ ಕಾರಣಗಳಲ್ಲಿ ಒಂದು, ಒಳ್ಳೆಯ ಉದ್ದೇಶದಿಂದಲೇ ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಸೀರ್.

ಆದ್ದರಿಂದ ಹೆಚ್ಚಾದ ಮೀನುಗಳನ್ನು ಇನ್ನೊಂದು ಶಾಲೆಗೆ ಕೊಡಿ, ಅಂಗಡಿಗೆ ಹಿಂದಿರುಗಿಸಿ, ಇಲ್ಲವೆ ಎರಡನೆಯ ತೊಟ್ಟಿ ಇಡಿ. ತೊಟ್ಟಿಯ ನೀರನ್ನೂ ಹೊಳೆಗೆ ಚೆಲ್ಲದೆ ಗಿಡಗಳಿಗೆ ಹಾಕಿ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ.

ಮಾಡಿ ನೋಡಿ

ಯಾವ ಉಪಕರಣವೂ ಇಲ್ಲದೆ ತೊಟ್ಟಿಯ ಸ್ಥಿತಿ ತಿಳಿಯಬಹುದು. ಒಂದು ಮೀನನ್ನು ಗುರುತು ಮಾಡಿಕೊಂಡು, ಅದರ ಕಿವಿರುಮುಚ್ಚಳ ಒಂದು ನಿಮಿಷದಲ್ಲಿ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಎಣಿಸಿ. ಶಾಲೆ ತೆರೆದ ಕೂಡಲೇ ಒಮ್ಮೆ, ಸಂಜೆ ಬಿಡುವ ಮುನ್ನ ಒಮ್ಮೆ. ನೀರಿನ ಉಷ್ಣತೆಯನ್ನೂ ಬರೆದುಕೊಳ್ಳಿ. ಎರಡು ವಾರಗಳ ಅಂಕಿಗಳನ್ನು ನಕ್ಷೆಯಾಗಿ ಬಿಡಿಸಿ. ಆಮೇಲೆ ನೀವು ಎದುರಿಗೆ ಇರುವಾಗಲೇ ಪಂಪನ್ನು ಒಂದು ಗಂಟೆ ಆರಿಸಿ ಎಣಿಸಿ. ಎಣಿಕೆ ಹೆಚ್ಚು ಬದಲಾಗದಿದ್ದರೆ ತೊಟ್ಟಿ ಮಿತಿಯೊಳಗಿದೆ. ಎಣಿಕೆ ಏರುತ್ತ ಹೋಗಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದರೆ ತಕ್ಷಣ ಪಂಪ್ ಹಾಕಿ, ಮೀನುಗಳನ್ನು ಕಡಿಮೆ ಮಾಡಿ.

ಮುಂದಿನ ದಸರಾ ರಜೆಗೆ ಮೊದಲು ಈ ಪರೀಕ್ಷೆಯನ್ನು ಒಮ್ಮೆ ಮಾಡಿರಿ. ಆರೋಗ್ಯವಾಗಿ ಬೆಳೆದ ಮೀನು ಒಂದು ವಾರ ಮೇವಿಲ್ಲದೆ ಇರಬಲ್ಲದು, ರಜೆಗೆಂದು ಮೊದಲೇ ಹಿಡಿ ಮೇವು ಸುರಿಯುವುದು ಬೇಡ. ರಜೆ ಅದಕ್ಕಿಂತ ದೀರ್ಘವಾಗಿದ್ದರೆ ಒಂದೊಂದು ಸಲದ ಮೇವನ್ನು ಚಿಕ್ಕ ಪೊಟ್ಟಣ ಕಟ್ಟಿ ಶಾಲೆಯ ಹತ್ತಿರದ ಮನೆಯವರಿಗೆ ಕೊಡಿ. ಮುಖ್ಯ ಸ್ವಿಚ್ ಆರಿಸಿದರೂ ಬದುಕಬಲ್ಲಷ್ಟು ಮೀನುಗಳಿರುವ ತೊಟ್ಟಿಯೇ ಸರಿಯಾದ ತೊಟ್ಟಿ.